ಕೂಸಿನ ಕಾಮಾಲೆ ಮತ್ತು ಸೋರುವ ಪಿತ್ತನಾಳ

ಹುಟ್ಟಿದ ಎರಡು ಮೂರು ದಿನಗಳಲ್ಲಿ ಕೂಸಿನ ಮೈ ಹಳದಿಯಾಗುವುದು ನಿಮ್ಮಲ್ಲಿ ಬಹುಮಂದಿ ಕಂಡ ಸಂಗತಿ. ಸಾಮಾನ್ಯವಾಗಿ ಅದು ಎರಡು ವಾರಗಳೊಳಗೆ ಇಳಿಯುತ್ತದೆ. ಆದರೆ ಚೆನ್ನಾಗಿದ್ದ ಕೂಸಿಗೆ ಕೆಲವು ವಾರಗಳಾದ ಮೇಲೆ ಕಣ್ಣು ತುಸು ಹಳದಿಯಾಗಿ, ಮಲ ಸುಣ್ಣದಂತೆ ಬಿಳಚಿ, ಹೊಟ್ಟೆ ದಿನದಿನಕ್ಕೆ ಉಬ್ಬುತ್ತ ಬಂದರೆ? ಅನೇಕ ವೇಳೆ ಜ್ವರವಿರುವುದಿಲ್ಲ, ವಿಶೇಷ ನೋವೂ ತೋರುವುದಿಲ್ಲ. ಮನೆಯವರು ಮೋಸಹೋಗುವುದು ಇಲ್ಲಿಯೇ.

ಇದರ ಕಾರಣಗಳಲ್ಲಿ ಅಪರೂಪವಾದುದೊಂದು, ಪಿತ್ತನಾಳವು ತಾನಾಗಿ ತೂತಾಗುವುದು. ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸ ಈ ನಾಳದ ಮೂಲಕ ಕರುಳಿಗೆ ಹರಿಯುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ಪಿತ್ತಕೋಶದ ಕವಲು ಮುಖ್ಯನಾಳವನ್ನು ಕೂಡುವೆಡೆಯಲ್ಲಿ ಸಾಮಾನ್ಯವಾಗಿ ತೂತು ಬೀಳುತ್ತದೆ. ರಸ ಹೊಟ್ಟೆಯೊಳಗೆ ಸೋರಿ ನಿಲ್ಲುತ್ತದೆ. ಹೊಕ್ಕುಳಲ್ಲಿಯೋ ತೊಡೆಸಂದಿನ ಉಬ್ಬಿನಲ್ಲಿಯೋ ಹಸುರು ಛಾಯೆ ಕಾಣುವುದೂ ಉಂಟು. ಕೆಲವು ಮಕ್ಕಳಲ್ಲಿ ನಾಳವು ಹುಟ್ಟಿನಿಂದಲೇ ಹಿಗ್ಗಿರುತ್ತದೆ. ಉಳಿದ ಅನೇಕರಲ್ಲಿ ಕಾರಣವೇ ಸಿಕ್ಕುವುದಿಲ್ಲ.

ವೈದ್ಯರು ಸ್ಕ್ಯಾನ್ ಮಾಡಿ ಹೊಟ್ಟೆಯಲ್ಲಿ ನಿಂತ ದ್ರವವನ್ನು ಕಾಣುತ್ತಾರೆ. ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷಿಸಿದಾಗ, ರಕ್ತದಲ್ಲಿರುವುದಕ್ಕಿಂತ ಹೆಚ್ಚು ಪಿತ್ತವರ್ಣ ಅದರಲ್ಲಿದ್ದರೆ ಸಂಶಯ ಬಹುಮಟ್ಟಿಗೆ ದೃಢವಾಗುತ್ತದೆ.

ತೂತನ್ನು ಹೊಲಿದುಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಕಾಲುವೆಯ ಏರಿ ಒಡೆದಾಗ ರೈತನು ಮೊದಲು ನೀರಿಗೆ ಬೇರೆ ದಾರಿ ಮಾಡುತ್ತಾನೆ. ಶಸ್ತ್ರವೈದ್ಯರ ರೀತಿಯೂ ಅದೇ. ಎಳೆಯ ನಾಳ ಬಲು ಸಣ್ಣದು. ಊದಿಕೊಂಡ ಜಾಗದಲ್ಲಿ ಹೊಲಿಗೆ ಹಾಕಿದರೆ ಅದು ಕಿರಿದಾಗುವ ಭಯವುಂಟು. ಆದುದರಿಂದ ರಕ್ತನಾಳದ ಮೂಲಕ ದ್ರವವನ್ನೂ ಸೋಂಕುನಿವಾರಕ ಔಷಧಗಳನ್ನೂ ಕೊಟ್ಟು, ಹೊಟ್ಟೆಯಲ್ಲಿ ನಿಂತ ಪಿತ್ತವನ್ನು ತೊಳೆದು ತೆಗೆದು, ಸೋರಿಕೆ ಹೊರಕ್ಕೆ ಬಸಿಯಲು ಕೊಳವೆ ಇಡುತ್ತಾರೆ. ಅನೇಕ ವೇಳೆ ಪಿತ್ತಕೋಶಕ್ಕೂ ಒಂದು ಕೊಳವೆ. ನಾಳದ ಕೆಳಭಾಗದಲ್ಲಿ ತಡೆಯಿಲ್ಲದಿದ್ದರೆ ಕೆಲವು ವಾರಗಳಲ್ಲಿ ತೂತು ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಕೊಳವೆಯ ಮೂಲಕ ಔಷಧ ಹಾಯಿಸಿ ಎಕ್ಸ್‌ರೇ ಚಿತ್ರ ತೆಗೆದು, ದಾರಿ ಸರಿಯಾಗಿದೆಯೆಂದು ಕಂಡ ಮೇಲೆ ಕೊಳವೆಯನ್ನು ತೆಗೆಯುತ್ತಾರೆ. ನಾಳ ಹಿಗ್ಗಿರುವ ಮಕ್ಕಳಿಗೆ ಮಾತ್ರ ಇನ್ನೊಂದು ಶಸ್ತ್ರಕ್ರಿಯೆ ಬೇಕಾಗುತ್ತದೆ.

ಸಕಾಲದಲ್ಲಿ ಚಿಕಿತ್ಸೆ ದೊರೆತ ಕೂಸುಗಳಲ್ಲಿ ಹೆಚ್ಚಿನವು ಗುಣ ಹೊಂದುತ್ತವೆ. ತಡವಾದರೆ ಹೊಟ್ಟೆಯೊಳಗೆ ಸೋಂಕು ಹಬ್ಬಿ ಪ್ರಾಣಕ್ಕೇ ಅಪಾಯ. ಪಿತ್ತನಾಳವೇ ಮುಚ್ಚಿಹೋಗುವ ಬೇರೊಂದು ರೋಗದಲ್ಲಿಯೂ ಕಾಮಾಲೆ, ಬಿಳಿಯ ಮಲ ಇವೇ ಲಕ್ಷಣಗಳು. ಅದಕ್ಕೆ ಮಾಡುವ ಶಸ್ತ್ರಕ್ರಿಯೆ ಎರಡು ತಿಂಗಳೊಳಗೆ ನಡೆದರೆ ಫಲ ಹೆಚ್ಚು.

ಆದುದರಿಂದ ತಾಯಂದಿರೂ ಅಜ್ಜಿಯರೂ ಕೂಸಿನ ಬಟ್ಟೆ ಒಗೆಯುವಾಗ ಮಲದ ಬಣ್ಣವನ್ನೊಮ್ಮೆ ನೋಡಿ. ಅದು ಬಿಳಚಿದ್ದರೆ, ಅಥವಾ ಕಾಮಾಲೆ ಎರಡು ವಾರ ಮೀರಿದರೆ, ಬರೆ ಹಾಕಿಸುವುದು, ನಾಟಿ ಮದ್ದು ಕುಡಿಸುವುದು ಬೇಡ. ಅಂದೇ ಮಕ್ಕಳ ವೈದ್ಯರಿಗೆ ತೋರಿಸಿ.