ಊರೇ ಒಡೆಯನಾದ ತಂಡ

ಅಮೆರಿಕೆಯ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಸುಮಾರು ಒಂದು ಲಕ್ಷ ಜನವಸತಿಯ ಚಿಕ್ಕ ನಗರ. ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ತಂಡವಾದ ‘ಪ್ಯಾಕರ್ಸ್’ 1919ರಲ್ಲಿ ಜನ್ಮತಾಳಿತು. ಆಹಾರವನ್ನು ಡಬ್ಬಿಗಳಲ್ಲಿ ತುಂಬುವ ಕಂಪನಿಯೊಂದು ಸಮವಸ್ತ್ರಕ್ಕೆ ಹಣವಿತ್ತುದರಿಂದ ಈ ಹೆಸರು ಬಂದಿತು.

ಹಣದ ಮುಗ್ಗಟ್ಟು ಒದಗಿದಾಗ 1923ರಲ್ಲಿ ಊರಿನವರೇ 5 ಡಾಲರಿನ ಷೇರುಗಳನ್ನು ಕೊಂಡು ತಂಡವನ್ನು ಉಳಿಸಿಕೊಂಡರು. ಇಂದು ಷೇರುದಾರರು ಐದು ಲಕ್ಷಕ್ಕೂ ಮಿಕ್ಕಿದ್ದಾರೆ. ಅವರಿಗೆ ಲಾಭಾಂಶವಿಲ್ಲ, ಷೇರನ್ನು ಲಾಭಕ್ಕೆ ಮಾರುವಂತೆಯೂ ಇಲ್ಲ. ತಂಡವನ್ನೇ ಮಾರಿದರೂ ಉಳಿದ ಹಣವು ದತ್ತಿನಿಧಿಗೆ ಸಲ್ಲತಕ್ಕದ್ದು. ಧನಿಕರ ಒಡೆತನದ ತಂಡಗಳ ನಡುವೆಯೂ ಇದು 13 ಬಾರಿ ಲೀಗಿನ ಪ್ರಶಸ್ತಿ ಗಳಿಸಿ ಎಲ್ಲಕ್ಕಿಂತ ಮುಂದಿದೆ.

ದಾಸೋಹಕ್ಕೆ ಹಿಡಿ ಧಾನ್ಯ ಸಲ್ಲಿಸುವ ಭಕ್ತರು ಮರಳಿ ಏನನ್ನೂ ಬಯಸರು. ಆ ಊರಿನವರ ಭಾವವೂ ಅಂತಹುದೇ ಆಗಿದೆ.