ಬಣ್ಣಕ್ಕೆ ಮುಂಚಿನ ರೇಖೆ

ಗೆಜ್ಜಲಗೆರೆಯ ಸುತ್ತಿನ ಹಳ್ಳಿಗಳಲ್ಲಿ ಕಬ್ಬಿನ ಗಾಡಿಯನ್ನು ಎಳೆಯುವ ಎತ್ತುಗಳನ್ನು ನೀವು ನೋಡಿರಬಹುದು. ದಾರಿ ಏರುತ್ತಿದ್ದಂತೆ ಅವುಗಳ ಹೆಗಲಿನ ಸ್ನಾಯುಗಳು ಚರ್ಮದಡಿಯಲ್ಲಿ ಉಬ್ಬುತ್ತವೆ. ಕಾಲಿನ ಕೀಲುಗಳು ಎದ್ದು ಕಾಣುತ್ತವೆ. ಇದನ್ನು ಚಿತ್ರಿಸ ಹೊರಟವನಿಗೆ ಹೊರಗಿನ ಆಕಾರದ ತಿಳಿವಳಿಕೆಯೊಂದೇ ಸಾಲದು. ಆ ಉಬ್ಬಿನ ಒಳಗಿರುವ ಕಾರಣವೂ ತಿಳಿದಿರಬೇಕು. ಮೂಳೆ, ಕೀಲು, ಸ್ನಾಯುಗಳ ಜೋಡಣೆಯನ್ನು ವಿವರಿಸುವ ಶಾಸ್ತ್ರವೇ ಅಂಗರಚನಾಶಾಸ್ತ್ರ. ಅದು ವೈದ್ಯನಿಗೆ ಬೇಕಾದಂತೆ ಚಿತ್ರಕಾರನಿಗೂ ಬೇಕು.

ಇದಕ್ಕೆ ಅಮೆರಿಕದ ಆರಂಭಕಾಲದ ಚಿತ್ರಕಾರ ಜಾನ್ ಸಿಂಗಲ್‌ಟನ್ ಕಾಪ್ಲಿ ಉತ್ತಮ ನಿದರ್ಶನ. ಅವನು ಬಾಸ್ಟನ್ ನಗರದಲ್ಲಿ 1738ರಲ್ಲಿ ಜನಿಸಿದನು. ಅಲ್ಲಿ ಆಗ ಕಲಾಶಾಲೆಯೇ ಇರಲಿಲ್ಲ. ಅಚ್ಚಿನ ಚಿತ್ರಗಳನ್ನು ಕೆತ್ತುತ್ತಿದ್ದ ಮಲತಂದೆಯೂ 1751ರಲ್ಲಿ ತೀರಿಕೊಂಡನು. ಆದರೂ ಕಾಪ್ಲಿ ಧೃತಿಗೆಡಲಿಲ್ಲ. ಯೂರೋಪಿನ ಅಂಗರಚನಾ ಗ್ರಂಥಗಳಲ್ಲಿದ್ದ ಚಿತ್ರಗಳನ್ನೇ ಗುರುವೆಂದು ಭಾವಿಸಿ, ಮೂಳೆ ಸ್ನಾಯುಗಳನ್ನು ಬರೆದು ಬರೆದು ಅಭ್ಯಾಸ ಮಾಡಿದನು. 1756ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವನು ಹೀಗೆ ಸಿದ್ಧಪಡಿಸಿದ ಪುಸ್ತಕವು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ.

1774ರಲ್ಲಿ ಬಾಸ್ಟನ್ನನ್ನು ಬಿಟ್ಟ ಕಾಪ್ಲಿ ಮುಂದೆ ಲಂಡನ್ನಿನಲ್ಲಿ ನೆಲೆಸಿದನು. 1749ರಲ್ಲಿ ಹವಾನಾ ಬಂದರಿನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನ ಕಾಲನ್ನು ಶಾರ್ಕ್ ಮೀನು ಕಚ್ಚಿತ್ತು. ಆ ಘಟನೆಯನ್ನು ಅವನು 1778ರಲ್ಲಿ ‘ವಾಟ್ಸನ್ ಮತ್ತು ಶಾರ್ಕ್’ ಎಂಬ ವರ್ಣಚಿತ್ರವಾಗಿಸಿದನು. ಹುಡುಗನನ್ನು ಉಳಿಸಲು ದೋಣಿಯಿಂದ ಬಾಗಿ ಕೈಚಾಚುವವರ ಭಂಗಿಗಳನ್ನು ಅವನು ಮೊದಲು ಸೀಮೆಸುಣ್ಣದಲ್ಲಿ ಬರೆದು ನೋಡಿದನು. ಇದು ನಮ್ಮ ಶಾಲೆಯ ಸೀಮೆಸುಣ್ಣವಲ್ಲ. ಕಪ್ಪುಕಡ್ಡಿಯು ಇಂಗಾಲದ ಅಂಶವುಳ್ಳ ಮೆದುವಾದ ಕಲ್ಲು. ಕೆಂಪುಕಡ್ಡಿಯು ಕಾವಿಯಂತೆ ಕಬ್ಬಿಣದ ಅಂಶವುಳ್ಳ ಮಣ್ಣು. ಬೂದುಬಣ್ಣದ ಕಾಗದದ ಮೇಲೆ ನೆರಳಿಗೆ ಕಪ್ಪನ್ನೂ ಬೆಳಕಿಗೆ ಬಿಳಿಯನ್ನೂ ಬಳಸಿದರೆ, ನಡುವಿನ ಛಾಯೆಯನ್ನು ಕಾಗದವೇ ಒದಗಿಸುತ್ತದೆ. ಕೆಲವೇ ಗೆರೆಗಳಲ್ಲಿ ತೋಳು ದುಂಡಗೆ ಮೈತಳೆಯುತ್ತದೆ.

ನಮ್ಮ ಮೈಸೂರು ಸಂಪ್ರದಾಯದ ಚಿತ್ರಕಾರರೂ ಬಣ್ಣ ಹಚ್ಚುವ ಮೊದಲು ಹುಣಿಸೆಕಡ್ಡಿಯ ಇದ್ದಿಲಿನಿಂದ ರೇಖೆಗಳನ್ನು ಎಳೆಯುತ್ತಿದ್ದರು. ದೇವತಾಮೂರ್ತಿಗಳ ಅಳತೆಗೆ ತಾಳಮಾನವೇ ಅವರಿಗೆ ಆಧಾರ. ಕಾಪ್ಲಿ ಚರ್ಮದ ಒಳಗನ್ನು ಅರಸಿದನು. ನಮ್ಮವರು ಶಾಸ್ತ್ರದ ಪ್ರಮಾಣವನ್ನು ಅನುಸರಿಸಿದರು. ದಾರಿಗಳು ಬೇರೆಯಾದರೂ ಬಣ್ಣಕ್ಕೆ ಮೊದಲು ರೇಖೆ, ರೇಖೆಗೆ ಮೊದಲು ತಿಳಿವಳಿಕೆ ಎಂಬ ಶಿಸ್ತು ಒಂದೇ.

ಮುಗಿದ ಚಿತ್ರದಲ್ಲಿ ಈ ಸೀಮೆಸುಣ್ಣದ ಗೆರೆಗಳು ಕಾಣುವುದಿಲ್ಲ. ಆದರೆ ಚಾಚಿದ ಕೈಯಲ್ಲಿ ಬಲವಿದೆಯೆಂದು ನೋಡುವವನಿಗೆ ತೋರುವುದು ಅವುಗಳಿಂದಲೇ. ಶಾಲೆಯೂ ಗುರುವೂ ದೊರೆಯದ ಊರಿನಲ್ಲಿ ಹುಡುಗನೊಬ್ಬನು ಪುಸ್ತಕವನ್ನು ಮುಂದಿಟ್ಟುಕೊಂಡು ಪಟ್ಟ ಶ್ರಮ ವ್ಯರ್ಥವಾಗಲಿಲ್ಲ.