ನಡುಗಡಲಿನಲ್ಲಿ ಒಂದು ದಿನ

ಹಡಗಿನ ಪ್ರಯಾಣವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೊದಲು ಮೂಡುವುದು ಬಂದರಿನ ಚಿತ್ರ. ಬೀಳ್ಕೊಡಲು ಬಂದವರ ಬೀಸುವ ಕೈಗಳು, ಹಗ್ಗ ಬಿಚ್ಚುವ ನಾವಿಕರು, ಮೆಲ್ಲಮೆಲ್ಲನೆ ದೂರ ಸರಿಯುವ ದಂಡೆ. ಆದರೆ ಎರಡು ಬಂದರುಗಳ ನಡುವೆ ಇನ್ನೊಂದು ಬಗೆಯ ದಿನವಿದೆ. ಅಂದು ಇಳಿಯಲು ಊರಿಲ್ಲ, ನೋಡಲು ನೆಲವಿಲ್ಲ. ಸುತ್ತಲೂ ನೀರಿನದೊಂದು ವೃತ್ತ, ಅದರ ನಡುವೆ ನಾವು. ನಾವಿಕರು ಅದನ್ನು ಕಡಲ ದಿನವೆನ್ನುತ್ತಾರೆ. ಸಾವಿರಾರು ಜನ ಆ ದಿನವನ್ನು ಹೇಗೆ ಕಳೆಯುತ್ತಾರೆ, ಅವರು ಹಾಗೆ ನಿಶ್ಚಿಂತೆಯಿಂದ ಕಳೆಯುವಂತಾಗಲು ಹಡಗಿನ ಒಡಲಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ನೋಡೋಣ.

ಉದಾಹರಣೆಗೆ ‘ಕ್ವೀನ್ ಮೇರಿ 2’ ಎಂಬ ನೌಕೆಯನ್ನೇ ತೆಗೆದುಕೊಳ್ಳಬಹುದು. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಲ್ಪಟ್ಟ ಇದು 2004ರಲ್ಲಿ ಯಾನಕ್ಕಿಳಿಯಿತು. ಉದ್ದ 345 ಮೀಟರು. ಪ್ರಯಾಣಿಕರು ಸುಮಾರು 2,700 ಮಂದಿ. ಅವರ ಸೇವೆಗೂ ಹಡಗಿನ ಚಾಲನೆಗೂ ನಿಂತ ಸಿಬ್ಬಂದಿ 1,200ಕ್ಕೂ ಹೆಚ್ಚು. ಇದಕ್ಕಿಂತ ದೊಡ್ಡ ವಿಹಾರ ನೌಕೆಗಳು ಈಗ ಹಲವಿವೆ. 2024ರಲ್ಲಿ ಹೊರಟ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದವಿದ್ದು, ಇಪ್ಪತ್ತು ಅಂತಸ್ತುಗಳನ್ನು ಹೊತ್ತಿದೆ. ಆದರೆ ಅಂಥವು ಬಹುಮಟ್ಟಿಗೆ ದ್ವೀಪದಿಂದ ದ್ವೀಪಕ್ಕೆ ಸುತ್ತುವ ನೌಕೆಗಳು. ‘ಕ್ವೀನ್ ಮೇರಿ 2’ ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಏಳು ರಾತ್ರಿಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುತ್ತದೆ. ನಡುವೆ ಬಂದರೇ ಇಲ್ಲದಿರುವುದರಿಂದ ಕಡಲ ದಿನದ ಸ್ವರೂಪವನ್ನು ಅರಿಯಲು ಇದಕ್ಕಿಂತ ತಕ್ಕ ನೌಕೆ ಸಿಗಲಾರದು.

ಒಂದು ಕಾಲದಲ್ಲಿ ಈ ದಿನಗಳು ಯಾರೂ ಬಯಸಿ ಪಡೆದವಲ್ಲ. ಸಾಗರದಾಚೆ ಹೋಗಬೇಕಾದವನಿಗೆ ಹಡಗಲ್ಲದೆ ಬೇರೆ ಗತಿಯಿರಲಿಲ್ಲ. ನಮ್ಮ ವಿ. ಕೃ. ಗೋಕಾಕರು ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೋದದ್ದು ಹಡಗಿನಲ್ಲಿ. ಆ ಅನುಭವದ ಫಲವಾಗಿ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ದೊರೆತವು. 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಮೇಲೆ ಪ್ರಯಾಣಿಕರನ್ನು ಹೊತ್ತು ಹಾರತೊಡಗಿದವು. ವಾರದ ದಾರಿ ಕೆಲವೇ ಗಂಟೆಗಳಿಗೆ ಇಳಿಯಿತು. ಅನಿವಾರ್ಯವಾಗಿದ್ದ ಕಡಲ ದಿನ ಅಂದಿನಿಂದ ಹಣ ಕೊಟ್ಟು ಕೊಳ್ಳುವ ವಸ್ತುವಾಯಿತು. ಹಿಂದೆ ಜನ ದೂರವನ್ನು ದಾಟಲೆಂದು ಹೊತ್ತು ವ್ಯಯಿಸುತ್ತಿದ್ದರು. ಇಂದು ಹೊತ್ತನ್ನು ಕಳೆಯಲೆಂದೇ ದೂರವನ್ನು ದಾಟುತ್ತಾರೆ.

ಬೆಳಗಾಗುತ್ತದೆ. ಹಡಗಿನ ಸುತ್ತ ಬಳಸಿ ಬರುವ ಮರಹಾಸಿನ ಹಾದಿಯಲ್ಲಿ ನಡಿಗೆಯ ಅಭ್ಯಾಸವಿದ್ದವರು ಆಗಲೇ ಹೆಜ್ಜೆ ಹಾಕುತ್ತಿರುತ್ತಾರೆ. ಮೂರು ಸುತ್ತು ಬಂದರೆ ಒಂದು ಮೈಲಿಯಷ್ಟಾಗುತ್ತದೆ. ನಡೆಯುವವನಿಗೆ ತಾನು ಸಾಗುತ್ತಿರುವುದು ಗೊತ್ತು. ಹಡಗು ಸಾಗುತ್ತಿರುವುದು ಮಾತ್ರ ಮರೆತೇ ಹೋಗುತ್ತದೆ. ಅದಾದರೋ ಸುಮಾರು 20 ನಾಟ್ ವೇಗದಲ್ಲಿ, ಎಂದರೆ ಗಂಟೆಗೆ 37 ಕಿಲೋಮೀಟರಿನಂತೆ, ಹಗಲಿರುಳೂ ನಿಲ್ಲದೆ ಓಡುತ್ತಿದೆ. ಒಂದು ದಿನಕ್ಕೆ ಸುಮಾರು 890 ಕಿಲೋಮೀಟರು; ಬೆಂಗಳೂರಿನಿಂದ ಮುಂಬಯಿಗಿರುವ ರಸ್ತೆಯ ದೂರಕ್ಕಿಂತ ತುಸು ಕಡಿಮೆ. ಅಷ್ಟು ದೂರ ಬಂದರೂ ಕಿಟಕಿಯ ಹೊರಗಿನ ದೃಶ್ಯ ನಿನ್ನೆಯದೇ.

ಹಡಗಿನ ಡೀಸೆಲ್ ಯಂತ್ರಗಳೂ ಅನಿಲ ಟರ್ಬೈನುಗಳೂ ನೇರವಾಗಿ ಅದನ್ನು ತಳ್ಳುವುದಿಲ್ಲ. ಅವು ವಿದ್ಯುತ್ತನ್ನು ಉತ್ಪಾದಿಸುತ್ತವೆ. ಆ ವಿದ್ಯುತ್ತಿನಿಂದ, ಹಡಗಿನ ಅಡಿಯಲ್ಲಿ ತೂಗುಬಿಟ್ಟ ನಾಲ್ಕು ದೊಡ್ಡ ಕೋಶಗಳೊಳಗಿನ ಮೋಟಾರುಗಳು ತಿರುಗಿ ನೀರನ್ನು ಹಿಂದಕ್ಕೆ ನೂಕುತ್ತವೆ. ಇವುಗಳಲ್ಲಿ ಎರಡನ್ನು ಬೇಕಾದ ದಿಕ್ಕಿಗೆ ಹೊರಳಿಸಬಹುದಾದ ಕಾರಣ ಈ ನೌಕೆಗೆ ಚುಕ್ಕಾಣಿಯ ಹಲಗೆಯೇ ಇಲ್ಲ. ಅಡುಗೆಮನೆಯ ಒಲೆಗಳಿಗೂ ನಾಟ್ಯಶಾಲೆಯ ದೀಪಗಳಿಗೂ ಇದೇ ವಿದ್ಯುತ್ತು. ಕುಡಿಯುವ ನೀರು ಬರುವುದು ಉಪ್ಪುಕಡಲಿನಿಂದಲೇ. ಗಾಳಿಯ ಒತ್ತಡವನ್ನು ತಗ್ಗಿಸಿದರೆ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಯಂತ್ರಗಳಿಂದ ಹೊರಬೀಳುವ ಬಿಸಿಯನ್ನೇ ಬಳಸಿ ಸಮುದ್ರದ ನೀರನ್ನು ಹೀಗೆ ಆವಿಯಾಗಿಸಿ, ತಣಿಸಿ, ಸಿಹಿನೀರನ್ನು ಪಡೆಯುತ್ತಾರೆ.

ಕಡಲು ಎದ್ದ ದಿನ ಹಡಗಿನ ಎರಡು ಬದಿಗಳಿಂದ ಮೀನಿನ ಈಜುರೆಕ್ಕೆಗಳಂಥ ಉಕ್ಕಿನ ರೆಕ್ಕೆಗಳನ್ನು ಹೊರಚಾಚುತ್ತಾರೆ. ಅವು ಪಕ್ಕದಿಂದ ಪಕ್ಕಕ್ಕೆ ಹೊರಳುವ ತೂಗಾಟವನ್ನು ತಗ್ಗಿಸುತ್ತವೆ. ಮುಂದೆ ಹಿಂದೆ ಏರಿಳಿಯುವ ಓಲಾಟವನ್ನು ತಡೆಯಲಾರವು. ಆಗ ಕೆಲವರಿಗೆ ತಲೆ ಸುತ್ತುತ್ತದೆ. ಒಳಗಿವಿ ‘ನೀನು ಚಲಿಸುತ್ತಿದ್ದೀಯೆ’ ಎನ್ನುತ್ತದೆ. ನಿಶ್ಚಲವಾದ ಕೊಠಡಿಯ ಗೋಡೆಗಳನ್ನು ನೋಡುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳವೇ ಕಡಲಬೇನೆ. ಹಡಗಿನ ನಡುಭಾಗಕ್ಕೆ, ಕೆಳ ಅಂತಸ್ತಿಗೆ ಬರುವುದು, ಇಲ್ಲವೇ ಹೊರಗೆ ನಿಂತು ದಿಗಂತವನ್ನು ದಿಟ್ಟಿಸುವುದು ಇದಕ್ಕೆ ನಾವಿಕರು ಹೇಳುವ ಹಳೆಯ ಮದ್ದು.

ಮಧ್ಯಾಹ್ನ ಹನ್ನೆರಡಕ್ಕೆ ಹಡಗಿನ ಸೀಟಿ ಮೊಳಗುತ್ತದೆ. ಕಪ್ತಾನನ ಧ್ವನಿ ಎಲ್ಲ ಅಂತಸ್ತುಗಳಲ್ಲೂ ಕೇಳಿಬರುತ್ತದೆ: ನಾವೆಲ್ಲಿದ್ದೇವೆ, ಎಷ್ಟು ದೂರ ಬಂದೆವು, ಗಾಳಿ ಎತ್ತಣದು, ಕಾಲಡಿಯ ನೀರು ಎಷ್ಟು ಆಳ. ಹೊತ್ತು ಹೋಗಿಸಲು ಅಲ್ಲಿ ಪುಸ್ತಕಭಂಡಾರವಿದೆ, ಉಪನ್ಯಾಸಗಳಿವೆ, ನಕ್ಷತ್ರಗಳನ್ನು ತೋರಿಸುವ ತಾರಾಲಯವಿದೆ, ಮೂರೂವರೆಗೆ ಬಿಳಿಯ ಕೈಚೀಲ ತೊಟ್ಟ ಪರಿಚಾರಕರು ಬಡಿಸುವ ಚಹಾ ಇದೆ, ಇರುಳಿಗೆ ನರ್ತನವಿದೆ. ಇಷ್ಟೆಲ್ಲ ಇದ್ದರೂ ಬಹಳ ಮಂದಿ ಮಾಡುವುದು ಒಂದೇ ಕೆಲಸ: ಕುರ್ಚಿಯಲ್ಲಿ ಒರಗಿ ನೀರನ್ನು ನೋಡುತ್ತಿರುವುದು.

ಈ ದಿನಗಳಲ್ಲಿ ಹೆಚ್ಚಿನವಕ್ಕೆ ಇನ್ನೊಂದು ವಿಶೇಷವಿದೆ. ಅವು 25 ಗಂಟೆಗಳ ದಿನಗಳು. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಪಶ್ಚಿಮಕ್ಕೆ ಓಡುವ ಹಡಗು ಸೂರ್ಯನನ್ನು ಹಿಂಬಾಲಿಸುವುದರಿಂದ, ಆ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಗೇರುವುದು ದಿನದಿನಕ್ಕೆ ಸುಮಾರು ಮುಕ್ಕಾಲು ಗಂಟೆ ತಡವಾಗುತ್ತದೆ. ಇಂಗ್ಲೆಂಡಿಗೂ ನ್ಯೂಯಾರ್ಕಿಗೂ ಇರುವ ಐದು ಗಂಟೆಗಳ ಅಂತರವನ್ನು ಸರಿದೂಗಿಸಲು ಐದು ಇರುಳು ಗಡಿಯಾರಗಳನ್ನು ಒಂದೊಂದು ಗಂಟೆ ಹಿಂದಕ್ಕಿಡುತ್ತಾರೆ. ವಿಮಾನದಲ್ಲಿ ಬಂದವನ ದೇಹ ಹಳೆಯ ಊರಿನ ಹೊತ್ತನ್ನೇ ಹಿಡಿದು ಕೆಲವು ದಿನ ಬಳಲುತ್ತದೆ. ಹಡಗಿನಲ್ಲಿ ಬಂದವನ ದೇಹ ದಾರಿಯಲ್ಲೇ ಒಗ್ಗಿಕೊಳ್ಳುತ್ತದೆ. ಪೂರ್ವಕ್ಕೆ ಮರಳುವಾಗ ಈ ಐದು ಗಂಟೆಗಳನ್ನೂ ಸಾಗರ ಹಿಂದಕ್ಕೆ ಪಡೆಯುತ್ತದೆ.

ಆದರೆ ಈ ಹೆಚ್ಚಿನ ಗಂಟೆ ಯಾರ ಪಾಲಿಗೆ ಬಂತು? ಪ್ರಯಾಣಿಕನಿಗೆ ಅದು ಒಂದು ಗಂಟೆಯ ಹೆಚ್ಚಿನ ನಿದ್ದೆ. ಆದರೆ ಹಡಗು ಮಲಗುವುದಿಲ್ಲ. ಯಂತ್ರಾಗಾರದಲ್ಲೂ ಚಾಲನೆಯ ಕೊಠಡಿಯಲ್ಲೂ ಆ ಗಂಟೆಯನ್ನು ಯಾರಾದರೂ ಎಚ್ಚರವಿದ್ದು ಹೊರಲೇಬೇಕು. ಕಡಲ ದಿನ ಎಲ್ಲ ಪ್ರಯಾಣಿಕರೂ ಹಡಗಿನಲ್ಲೇ ಉಳಿಯುವುದರಿಂದ, ಅವರ ವಿರಾಮದ ದಿನ ಪರಿಚಾರಕರಿಗೂ ಅಡುಗೆಯವರಿಗೂ ಬಿಡುವಿಲ್ಲದ ದಿನ. 2006ರಲ್ಲಿ ಅಂಗೀಕೃತವಾಗಿ 2013ರಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದವು ದುಡಿಮೆಗೆ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಗಳ ಮಿತಿಯನ್ನು ಹಾಕಲು, ಇಲ್ಲವೇ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆಗಳ ವಿಶ್ರಾಂತಿಯನ್ನು ನಿಗದಿಪಡಿಸಲು ಅವಕಾಶವಿತ್ತಿದೆ. ಮಿತಿಯೇ ಇಷ್ಟು ಉದ್ದವೆಂದ ಮೇಲೆ ದುಡಿಮೆಯ ಭಾರವನ್ನು ಊಹಿಸಬಹುದು. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೆಯೋ ಆ ದೇಶದ ಕಾನೂನು ಅದಕ್ಕೆ ಅನ್ವಯಿಸುತ್ತದೆ. ಆದುದರಿಂದಲೇ ಎಷ್ಟೋ ವಿಹಾರ ನೌಕೆಗಳು ಬಹಾಮಾಸ್, ಪನಾಮಾ, ಬರ್ಮುಡಾಗಳಂಥ ಸಣ್ಣ ನಾಡುಗಳಲ್ಲಿ ನೋಂದಣಿಯಾಗಿರುತ್ತವೆ. ‘ಕ್ವೀನ್ ಮೇರಿ 2’ ಕೂಡ 2011ರಲ್ಲಿ ಬರ್ಮುಡಾದ ನೋಂದಣಿಗೆ ಸೇರಿತು. ಇಂಥ ನೌಕೆಗಳ ಸಿಬ್ಬಂದಿಯಲ್ಲಿ ಫಿಲಿಪೀನಿಯರು, ಇಂಡೋನೇಷಿಯನರು, ಭಾರತೀಯರು ಬಹಳ. ಗೋವೆಯ, ನಮ್ಮ ಮಂಗಳೂರು ಕರಾವಳಿಯ ತರುಣರೂ ಇದ್ದಾರೆ. ತಿಂಗಳುಗಟ್ಟಲೆ ಮನೆಯಿಂದ ದೂರವಿದ್ದು ಅವರು ಕಳಿಸುವ ಹಣದಿಂದ ಊರಿನಲ್ಲಿ ಮನೆ ಏಳುತ್ತದೆ, ತಂಗಿಯ ಮದುವೆಯಾಗುತ್ತದೆ, ಮಕ್ಕಳ ಶಾಲೆ ನಡೆಯುತ್ತದೆ.

ನಡುಗಡಲಿನ ನೆಮ್ಮದಿಗೆ ಇನ್ನೊಂದು ಬೆಲೆಯೂ ತೆತ್ತದ್ದಾಗಿದೆ. ಇದೇ ಸಾಗರದಲ್ಲಿ 1912ರ ಏಪ್ರಿಲ್ 15ರಂದು ‘ಟೈಟಾನಿಕ್’ ಮುಳುಗಿ 1,500ಕ್ಕೂ ಹೆಚ್ಚು ಮಂದಿ ಮಡಿದರು. ಎಲ್ಲರಿಗೂ ಸಾಲುವಷ್ಟು ಜೀವರಕ್ಷಕ ದೋಣಿಗಳು ಅದರಲ್ಲಿರಲಿಲ್ಲ. ಆ ದುರಂತದಿಂದಲೇ 1914ರಲ್ಲಿ ಕಡಲಿನಲ್ಲಿ ಪ್ರಾಣರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ‘ಕೋಸ್ಟಾ ಕಾನ್ಕಾರ್ಡಿಯಾ’ ಬಂಡೆಗೆ ತಾಗಿ 32 ಮಂದಿ ಸತ್ತರು. ಅದಾದ ಮೇಲೆ, ಅಪಾಯ ಬಂದಾಗ ಎಲ್ಲಿ ಸೇರಬೇಕೆಂಬ ಅಭ್ಯಾಸವನ್ನು ಹಡಗು ಹೊರಡುವ ಮುನ್ನವೇ ಅಥವಾ ಹೊರಟೊಡನೆಯೇ ನಡೆಸಬೇಕೆಂದು ನಿಯಮವಾಯಿತು. 2020ರ ಫೆಬ್ರವರಿಯಲ್ಲಿ ಜಪಾನಿನ ಯೋಕೋಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ನೌಕೆ ನಿರ್ಬಂಧಕ್ಕೊಳಗಾದಾಗ ಅದರಲ್ಲಿದ್ದವರು 3,711 ಮಂದಿ; ಅವರಲ್ಲಿ 700ಕ್ಕೂ ಹೆಚ್ಚು ಜನರಿಗೆ ಕೊರೋನಾ ಸೋಂಕು ತಗುಲಿತು. ಪ್ರಯಾಣಿಕರು ಕೊಠಡಿಗಳಲ್ಲಿ ಬಾಗಿಲು ಹಾಕಿಕೊಂಡು ಕೂತರು. ಬಾಗಿಲ ಬಳಿಗೆ ಊಟ ತಂದಿಟ್ಟವರು ಸಿಬ್ಬಂದಿಯವರೇ. ಸೋಂಕಿನ ನಡುವೆಯೂ ಅವರಿಗೆ ರಜೆಯಿರಲಿಲ್ಲ.

ಸಾಗರವೂ ತನ್ನ ಪಾಲನ್ನು ತೆತ್ತಿದೆ. ಹಡಗಿನಿಂದ ಪ್ಲಾಸ್ಟಿಕ್ಕನ್ನು ಎಸೆಯುವುದಕ್ಕೆ 1988ರ ಕೊನೆಯಿಂದ ಅಂತರರಾಷ್ಟ್ರೀಯ ನಿಷೇಧವಿದೆ. ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು 2020ರಲ್ಲಿ ಶೇಕಡಾ 3.5ರಿಂದ 0.5ಕ್ಕೆ ಇಳಿಸಲಾಯಿತು. ಆದರೂ ತೇಲುವ ಪಟ್ಟಣವೊಂದನ್ನು ದೀಪ, ಈಜುಕೊಳ, ತಂಪುಗಾಳಿಗಳ ಸಮೇತ ಸಾಗರದ ಮೇಲೆ ಒಯ್ಯಲು ಸುಡುವ ಎಣ್ಣೆ ಅಪಾರ. ಹೊಗೆಗೆ ದಂಡೆಯ ಹಂಗಿಲ್ಲ.

ಹಾಗೆಂದು ಕಡಲ ದಿನವನ್ನು ಬರಿಯ ಸಿರಿವಂತರ ಸೋಮಾರಿತನವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಭೂಮಿ ಎಷ್ಟು ದೊಡ್ಡದೆಂಬುದನ್ನು ವಿಮಾನ ನಮ್ಮಿಂದ ಮರೆಸಿದೆ. ಏಳು ದಿನ ಎಡೆಬಿಡದೆ ಓಡಿದರೂ ಮುಗಿಯದ ನೀರನ್ನು ಕಂಡವನಿಗೆ ಅದು ಮತ್ತೆ ನೆನಪಾಗುತ್ತದೆ. ಅವನು ಅದರ ಜೊತೆಗೆ ಇನ್ನೊಂದನ್ನೂ ಕಂಡರೆ ಪ್ರಯಾಣ ಪೂರ್ತಿಯಾದಂತೆ: ತನ್ನ ಕುರ್ಚಿಯಿಂದ ಹತ್ತು ಅಂತಸ್ತು ಕೆಳಗೆ, ಕಿಟಕಿಯಿಲ್ಲದ ಕೊಠಡಿಯಲ್ಲಿ, ಮುಂದಿನ ಪಾಳಿಗಾಗಿ ಒಬ್ಬ ತರುಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾನೆ. ಅವನ ತಲೆಯ ಪಕ್ಕದಲ್ಲೇ, ಉಕ್ಕಿನ ಗೋಡೆಯ ಆಚೆ, ಅದೇ ಸಾಗರವಿದೆ. ಅವನು ಅದನ್ನು ಅಂದು ನೋಡಿಯೇ ಇಲ್ಲ.